ಏಳನೇ ಖೋಲಿಯ ನಡುನಿದ್ದೆ

ನಮ್ಮೂರ ಕೋಟೆಯೊಳಗೆ ಲಾಡ್ಜು ಹುಡುಕುವವರು ಬಾಡಿಗೆ ಕೇಳುವ ಮೊದಲು, ಬಿಸಿನೀರು ಬರುತ್ತದೋ ಇಲ್ಲವೋ ಎಂದು ಕೇಳುವ ಮೊದಲು, "ನಿನ್ನೆ ಇಲ್ಲಿ ಯಾರು ಮಲಗಿದ್ದರು?" ಎಂದು ಕೇಳುತ್ತಾರೆ. ಕೇಳದವರು ಹೊಸಬರು. ಅವರೂ ಮರುದಿನದಿಂದ ಕೇಳುತ್ತಾರೆ.

ಕೋಟೆಯೊಳಗೆ ಒಬ್ಬರು ಮಲಗೆದ್ದ ಜಾಗದಲ್ಲಿ ಇನ್ನೊಬ್ಬರು ಮಲಗಿದರೆ ಮೊದಲಿನವರ ಚಾಳಿಯೊಂದು ಹತ್ತಿಕೊಳ್ಳುತ್ತದೆ. ಎಷ್ಟು ತಾಸು ಮಲಗಿದರೋ ಎದ್ದ ಮೇಲೆ ಅಷ್ಟೇ ತಾಸು ಇದ್ದು ತಾನಾಗಿ ಬಿಟ್ಟುಹೋಗುತ್ತದೆ. ಊರಿನವರಿಗೆ ಇದರಿಂದ ತೊಂದರೆಯೇನಿಲ್ಲ. ಅವರವರ ಹಾಸಿಗೆ ಅವರವರಿಗೆ, ಅವರವರ ಚಾಳಿ ಅವರವರಿಗೇ ಹತ್ತುತ್ತದೆ. ಗಂಡಹೆಂಡತಿ ಜಗಳ ವಿಪರೀತಕ್ಕೆ ಹೋದರೆ ಹಿರಿಯರು, "ಒಂದ ರಾತ್ರಿ ಮಗ್ಗಲಾ ಬದಲಿ ಮಾಡ್ರಿ" ಎನ್ನುತ್ತಾರೆ. ಬೆಳಿಗ್ಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಹೊಸ ಸೊಸೆಯ ಕೈಗೆ ಹೋಳಿಗೆ ಹತ್ತದಿದ್ದರೆ ಅತ್ತೆ ಹಬ್ಬದ ಹಿಂದಿನ ದಿನ ತನ್ನ ಹಾಸಿಗೆ ಬಿಟ್ಟುಕೊಡುತ್ತಾಳೆ. ಆದರೆ ಹೋಳಿಗೆಯ ಜೊತೆ ಅತ್ತೆಯ ಗೊಣಗಾಟವೂ ಬರಬಹುದು ಎಂಬ ಭಯ ಇದ್ದೇ ಇರುತ್ತದೆ.

ತೊಂದರೆ ಇರುವುದು ಲಾಡ್ಜಿನವರಿಗೆ. ಕೋಟೆಯ ಹೊರಗೆ ಸ್ಟೇಷನ್ ರೋಡಿನಲ್ಲಿ ಹೊಸ ಲಾಡ್ಜುಗಳಿವೆ, ಅಲ್ಲಿ ಮಲಗಿದರೆ ಏನೂ ಹತ್ತುವುದಿಲ್ಲ. ಆದರೆ ಹಳೇ ಅರಮನೆ, ಏಳು ಅಂತಸ್ತಿನ ಬಾವಿ, ನಗಾರಿಖಾನೆ ಎಲ್ಲ ಇರುವುದು ಕೋಟೆಯ ನಡುಮಧ್ಯೆ. ದೂರದಿಂದ ಬಂದವರು ಅದನ್ನು ಬಿಟ್ಟು ಸ್ಟೇಷನ್ ರೋಡಿನಲ್ಲಿ ಯಾಕೆ ಇಳಿಯುತ್ತಾರೆ? ಅದಲ್ಲದೆ ನಮ್ಮೂರಿನ ಕಟ್ಟಳೆಯೂ ಒಂದಿದೆ. ಕೋಟೆಯೊಳಗೆ ಒಮ್ಮೆಯಾದರೂ ಮಲಗೆದ್ದವರ ಮಾತನ್ನು ಮಾತ್ರ ನಾವು ಮಾತೆಂದು ಹಿಡಿಯುವುದು. ಹೊರಗೆ ಮಲಗಿ ಬಂದು ಏನೇ ಮಾತು ಕೊಟ್ಟರೂ ನಮ್ಮವರು, "ಆತು, ಮಲಗೆದ್ದು ಬಂದು ಹೇಳ್ರಿ" ಎಂದುಬಿಡುತ್ತಾರೆ.

ಹೀಗಾಗಿ ನನ್ನ ಕಸುಬು ಹುಟ್ಟಿತು. ನಾನು ಅಡಿವೆಪ್ಪ, ನಡುನಿದ್ದೆಯವನು. ಒಬ್ಬ ಗಿರಾಕಿ ಖೋಲಿ ಬಿಟ್ಟು ಇನ್ನೊಬ್ಬ ಬರುವ ನಡುವೆ ಹೋಗಿ ಅರ್ಧ ತಾಸು ಮಲಗಿ, ಹಳೆಯವನ ಚಾಳಿಯನ್ನು ನನ್ನ ಮೈಮೇಲೆ ತೆಗೆದುಕೊಂಡು ಎದ್ದು ಬರುತ್ತೇನೆ. ಅರ್ಧ ತಾಸು ಯಾರದೋ ಹಾಗೆ ಉಗುರು ಕಚ್ಚುತ್ತೇನೆ ಇಲ್ಲವೇ ಕಂಡವರಿಗೆಲ್ಲ ನಮಸ್ಕಾರ ಮಾಡುತ್ತೇನೆ, ಆಮೇಲೆ ಸರಿಹೋಗುತ್ತೇನೆ. ಹಿಂದೆ ನನ್ನದೇನೂ ಉಳಿಯುವುದಿಲ್ಲ, ಯಾಕೆಂದರೆ ನನಗೆ ಚಾಳಿಯೇ ಇಲ್ಲ. ಇದು ನನ್ನ ಮಾತಲ್ಲ. ಇಪ್ಪತ್ತೊಂದನೇ ವಯಸ್ಸಿನಲ್ಲಿ ಊರ ಪಂಚರು ನನ್ನನ್ನು ಪರೀಕ್ಷೆ ಮಾಡಿದರು. ನಾನು ಮಲಗೆದ್ದ ಜಾಗದಲ್ಲಿ ಮೂವರನ್ನು ಒಬ್ಬೊಬ್ಬರಂತೆ ಮೂರು ದಿನ ಮಲಗಿಸಿದರು. ಪ್ರತಿದಿನ ಮೊದಲು ನಾನು, ಆಮೇಲೆ ಅವರು. ಮೂವರೂ ಎದ್ದು ಸುಮ್ಮನೆ ಕೂತರು. ಪಂಚರು "ಏಳ್ರಪಾ" ಅಂದರು, ಎದ್ದರು. "ಎರಡ ಸುತ್ತ ಹಾಕ್ರಪಾ" ಅಂದರು, ಹಾಕಿದರು. "ಏನೂ ಇಲ್ಲ. ಹುಡುಗ ಶುದ್ಧ ಸಪ್ಪಗದಾನ" ಎಂದು ಪಂಚರು ಬರೆದುಕೊಟ್ಟರು. ಆ ಕಾಗದಕ್ಕೆ ಕಟ್ಟು ಹಾಕಿಸಿ, ನಾನು ಕೆಲಸ ಮಾಡುವ ರುದ್ರವ್ವನ ಲಾಡ್ಜಿನ ಪಡಸಾಲೆಯಲ್ಲಿ ತೂಗುಹಾಕಿದ್ದಾರೆ. ನಮ್ಮ ಮನೆಯಲ್ಲಿರುವ ಅಪ್ಪನ ಫೋಟೋದ ಕಟ್ಟಿಗಿಂತ ದೊಡ್ಡದು ಅದು. ಇಪ್ಪತ್ತೇಳು ವರ್ಷ ನಾನು ಅದನ್ನು ನೋಡಿ ಎದೆಯುಬ್ಬಿಸಿಕೊಂಡೇ ಓಡಾಡಿದೆ.

ವೈಶಾಖದ ಒಂದು ಬೆಳಿಗ್ಗೆ, ಒಂಬತ್ತೂವರೆ ಇರಬೇಕು, ಕೋಟೆ ಬಾಗಿಲಲ್ಲಿ ಒಬ್ಬ ಹೆಣ್ಣುಮಗಳು ಬಸ್ಸಿಳಿದರು. ನಲವತ್ತರ ಆಚೀಚೆ ವಯಸ್ಸು, ಕೈಯಲ್ಲಿ ಒಂದು ಬ್ಯಾಗು, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತ ಕಣ್ಣು. ನನ್ನನ್ನು ನೋಡಿ, "ಸ್ವಲ್ಪ ಬ್ಯಾಗ್ ಹಿಡ್ಕೊಳ್ತೀರಾ?" ಅಂದರು. "ಆತ್ರಿ" ಎಂದು ಹಿಡಿದುಕೊಂಡೆ. "ಇಲ್ಲಿನ ಲಾಡ್ಜುಗಳನ್ನ ತೋರಿಸ್ತೀರಾ?" ಅಂದರು. ನನಗಾಗ ಎರಡು ಖೋಲಿಗಳಲ್ಲಿ ಮಲಗುವುದಿತ್ತು. "ಆತ್ರಿ" ಎಂದು ಮುಂದೆ ಮುಂದೆ ನಡೆದೆ.

ಅವರ ಹೆಸರು ಇಂದುಮತಿ, ಕೆಳಗಿನ ಸೀಮೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತಾರೆ. ಅದು ತಿಳಿದ ಮೇಲೆ ನಮ್ಮ ಕಡೆಯ ರೂಢಿಯಂತೆ ನಾನು ಅವರನ್ನು ಅಕ್ಕೋರು ಎಂದೇ ಕರೆದೆ. ಕೋಟೆಯ ವಿಷಯ ಅವರಿಗೆ ಮೊದಲೇ ಗೊತ್ತಿತ್ತು. ಇಷ್ಟು ಎಚ್ಚರಿಕೆಯಿಂದ ಲಾಡ್ಜು ಹುಡುಕುವವರನ್ನು ನಾನು ಹಿಂದೆ ಕಂಡಿರಲಿಲ್ಲ.

ಮೊದಲು ಅರಮನೆ ಲಾಡ್ಜಿಗೆ ಹೋದೆವು. ಖೋಲಿಯ ಮುಂದೆ ಕಲ್ಲಿನ ಸಜ್ಜಾ, ಎದುರಿಗೆ ಅರಮನೆಯ ಕಮಾನು, ನೋಡಲು ಎರಡು ಕಣ್ಣು ಸಾಲದು. ಆದರೆ ಕೆಳಗೆ ಊಟದ ಮನೆಯಲ್ಲಿ ಅದೇ ಖೋಲಿಯ ಗಿರಾಕಿಯೊಬ್ಬ ಮಾಣಿಯನ್ನು ನಿಲ್ಲಿಸಿಕೊಂಡು, "ಈ ಇಡ್ಲಿ ಎಷ್ಟ ಗಂಟೆಕ್ಕ ಆತು? ಆವಾಗ ನೀ ಎಲ್ಲಿದ್ದಿ? ನೋಡಿದವರು ಯಾರು?" ಎಂದು ಕೇಳುತ್ತಿದ್ದ. ಮೊನ್ನೆ ಅಲ್ಲಿ ಒಬ್ಬ ವಕೀಲರು ಮಲಗಿದ್ದರಂತೆ. "ಇವರ ಸ್ವಂತ ಚಾಳಿ ಏನು?" ಎಂದು ಅಕ್ಕೋರು ಕೇಳಿದರು. ಮ್ಯಾನೇಜರ್ ಕೈ ಮುಗಿದು, "ಗೊತ್ತಿಲ್ರಿ. ಎದ್ದಾಗಿಂದ ವಕೀಲರಾಗೇ ಅದಾರ" ಎಂದ.

ಬಾವಿಕಟ್ಟೆ ಲಾಡ್ಜಿನ ಖೋಲಿ ಹೊರಗೆ ಉರಿಬಿಸಿಲಿದ್ದರೂ ತಣ್ಣಗಿತ್ತು. ಮಾಲೀಕರಾದ ಹುಸೇನಸಾಹೇಬರು ಸತ್ಯವಂತರು. "ನಿನ್ನೆ ನಾನ ಮಲಗಿದ್ದೆ, ತಾಯಿ. ನನಗ ಎದ್ದ ಕೂಡಲೆ ಹಾಡೋ ಚಾಳಿ ಐತಿ. ನನ್ನ ದನಿ ಛಲೋ ಐತಿ ಅಂತ ಎಲ್ಲಾರೂ ಅಂತಾರ" ಎಂದರು. ಅಕ್ಕೋರು ನಕ್ಕು, "ನಾಳೆ ಬೆಳಿಗ್ಗೆ ನಾನು ಹಾಡೋ ಹಾಗಿಲ್ಲ, ಸಾಹೇಬ್ರೇ" ಎಂದರು.

ಹೊರಗೆ ಬಂದು ಬಾವಿಯ ಮೆಟ್ಟಿಲ ಮೇಲೆ ನೆರಳಿನಲ್ಲಿ ಕೂತೆವು. ಕಬ್ಬಿನ ಹಾಲು ಕುಡಿಯುತ್ತ ಅವರು ತಾವಾಗಿಯೇ ಹೇಳಿದರು. "ನಾಳೆ ಹತ್ತು ಗಂಟೆಗೆ ಒಬ್ಬರಿಗೆ ನಾನು ಉತ್ತರ ಹೇಳ್ಬೇಕು. ಮದುವೆ ವಿಷಯ. ಹೂಂ ಅನ್ನಲಿ, ಬೇಡ ಅನ್ನಲಿ, ಅದು ನನ್ನದೇ ಮಾತಾಗಿರ್ಬೇಕು. ಹಿಂದಿನ ದಿನ ಯಾರೋ ಮಲಗಿದ್ದೋರ ಮಾತಾಗಬಾರ್ದು. ನಲವತ್ತೊಂದು ವರ್ಷ ಕಾದಿದೀನಿ, ಅಡಿವೆಪ್ಪನವರೇ. ಒಂದು ಹಾಸಿಗೆಯಿಂದ ತಪ್ಪಾಗಬಾರ್ದು."

ಆ ಒಬ್ಬರು ಯಾರು ಎಂದು ಕೇಳಿದೆ. ಶಾಲು ಅಂಗಡಿಯ ಮಲ್ಲಸರ್ಜ ಎಂದರು. ಎರಡು ವರ್ಷದ ಹಿಂದೆ ಅವರು ಟಪಾಲಿನಲ್ಲಿ ಹಸಿರು ಶಾಲು ತರಿಸಿದ್ದರಂತೆ, ಕೆಂಪು ಬಂತಂತೆ. ಇವರು ನಾಲ್ಕು ಸಾಲಿನ ದೂರು ಬರೆದರೆ ಅವನು ನಾಲ್ಕು ಪುಟದ ಕ್ಷಮಾಪಣೆ ಬರೆದನಂತೆ. ಅಲ್ಲಿಂದ ಶುರುವಾದ ಪತ್ರ ನಿಂತಿಲ್ಲ. ಎರಡು ಸಲ ಅವನು ಅವರ ಅಣ್ಣನ ಮನೆಗೂ ಹೋಗಿ ಬಂದಿದ್ದಾನೆ. ನಿಮ್ಮೂರು ನೋಡಿ ಅಲ್ಲಿಯೇ ಉತ್ತರ ಕೊಡುತ್ತೇನೆ ಎಂದು ಇವರು ಬಂದಿದ್ದಾರೆ.

ಮಲ್ಲಸರ್ಜ ನನಗೆ ಚೆನ್ನಾಗಿ ಗೊತ್ತು. ರುದ್ರವ್ವನ ಮೈದುನ, ಅವನ ಅಂಗಡಿ ಇರುವುದು ರುದ್ರವ್ವನ ಲಾಡ್ಜಿನ ಎದುರಿಗೇ. ನಲವತ್ತೈದು ದಾಟಿದ, ಸ್ವಲ್ಪ ಬೊಜ್ಜು ಬಂದ, ಒಳ್ಳೆಯ ಮನುಷ್ಯ. ಹಿಂದೆ ಎರಡು ಕಡೆ ಹೆಣ್ಣು ಕೇಳಿ ಎರಡು ಕಡೆಯೂ ಬೇಡ ಅನಿಸಿಕೊಂಡಿದ್ದ. ಈ ಸಲವಾದರೂ ಅವನ ನಸೀಬು ತೆರೆಯಲಿ ಎಂದು ನನಗೂ ಅನಿಸಿತು. "ಹಂಗಾದ್ರ ನಮ್ಮ ಲಾಡ್ಜಿಗೇ ಬರ್ರಿ, ಅಕ್ಕೋರ" ಎಂದೆ. "ನಿಮ್ಮ ಖೋಲಿಯೊಳಗ ನಾನ ನಡುನಿದ್ದೆ ಮಾಡತೀನಿ. ನನ್ನಷ್ಟು ಸಪ್ಪನ ಮನಷಾ ಏಳು ಸೀಮೆಯೊಳಗ ಸಿಗೂದಿಲ್ಲ." ಪಡಸಾಲೆಯಲ್ಲಿ ನನ್ನ ಕಾಗದ ತೋರಿಸಿದೆ. ಅಕ್ಕೋರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಮೇಲಿನ ಏಳನೇ ಖೋಲಿ ಗೊತ್ತು ಮಾಡಿ, ಬ್ಯಾಗನ್ನು ದುಡ್ಡೆಣಿಸುವ ಗಲ್ಲೆಯ ಹತ್ತಿರ ಇಟ್ಟು, ಅರಮನೆ ನೋಡಲು ಹೋದರು.

ಮಲಗುವ ಮೊದಲು ಒಂದು ತಂಬಿಗೆ ನೀರು ಕುಡಿಯೋಣವೆಂದು ಎದುರಿನ ಅಂಗಡಿಗೆ ಹೋದೆ. ಅಲ್ಲಿ ನಮ್ಮ ಮೂರನೇ ಖೋಲಿಯ ಗಂಡಹೆಂಡತಿ ಕೂತಿದ್ದರು. ನಿನ್ನೆ ಮಧ್ಯಾಹ್ನ ಆ ಖೋಲಿಯ ಎರಡೂ ಮಗ್ಗುಲಿಗೆ ನಾನೇ ಮಲಗೆದ್ದಿದ್ದೆ. ಗಂಡನ ಹಣೆಯಿಂದ ಬೆವರು ಇಳಿಯುತ್ತಿತ್ತು. ಮಲ್ಲಸರ್ಜ ದಪ್ಪನೆಯ ಉಣ್ಣೆ ಕಂಬಳಿಯೊಂದನ್ನು ಬಿಚ್ಚಿ, "ಇದನ್ನೂ ಕಟ್ಟಲೇನ್ರಿ?" ಎಂದ. ಗಂಡ ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ, "ಆಗಲಿ" ಎಂದ. "ಜೋಡಿ ಇರ್ಲಿ, ಇನ್ನೊಂದ?" ಹೆಂಡತಿ ತಲೆಯನ್ನು ಎಡಕ್ಕೆ ವಾಲಿಸಿ, "ಆಗಲಿ" ಎಂದಳು. ಐದು ಕಂಬಳಿಯಾದವು. ವೈಶಾಖದಲ್ಲಿ!

ಆ ತಲೆ ವಾಲಿಸುವುದನ್ನು ನಾನು ಎಲ್ಲಿಯೋ ನೋಡಿದ್ದೆ. ಎಲ್ಲಿ ಎಂದು ಯೋಚಿಸುತ್ತಿರುವಾಗ ಮಲ್ಲಸರ್ಜ, "ಅಡಿವೆಪ್ಪಾ, ಹೊಂಟೀಯೇನ? ಆ ಮೂಲೆಯ ಗಂಟು ಒಂದೀಟ ಮ್ಯಾಲ ಇಟ್ಟು ಹೋಗ" ಎಂದ. ನಾನು ತಲೆಯನ್ನು ಎಡಕ್ಕೆ ವಾಲಿಸಿ, "ಆತು" ಎಂದೆ. ಎದುರಿಗೆ ಅಂಗಡಿಯ ನಿಲುವುಗನ್ನಡಿ ಇತ್ತು.

ಗಂಟು ಅಲ್ಲಿಯೇ ಬಿಟ್ಟು ಮಲ್ಲಸರ್ಜನನ್ನು ಮೂಲೆಗೆ ಕರೆದು ಕೇಳಿದೆ. ಅವನು ಅಂದು ಹಿಗ್ಗಿ ಹೀರೇಕಾಯಿ ಆಗಿದ್ದ, ಮುಚ್ಚಿಡುವ ಸ್ಥಿತಿಯಲ್ಲಿ ಇರಲಿಲ್ಲ. "ನಿನಗ ಗೊತ್ತಿಲ್ಲೇನ? ನೀ ಮಲಗೆದ್ದ ಖೋಲಿಯವರು ಮರುದಿನ ಒಲ್ಲೆ ಅನ್ನೂದ ಇಲ್ಲ. ನಮ್ಮ ಅಂಗಡಿ ನಡದದ್ದ ಹಂಗ. ರುದ್ರವ್ವ ವೈನಿಗೂ ಗೊತ್ತೈತಿ. ಅದಕ್ಕ ನಾ ಇಂದುಮತಿ ಅಕ್ಕೋರಿಗೆ ಪತ್ರದಾಗ ಬರದಿದ್ದೆ, ನಮ್ಮ ವೈನಿ ಲಾಡ್ಜಿನ್ಯಾಗ ಇಳೀರಿ ಅಂತ. ನೀ ಇವತ್ತ ಒಂದೀಟ ಛಂದಂಗ ಮಲಗಪಾ" ಎಂದು ನನ್ನ ಬೆನ್ನು ತಟ್ಟಿದ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಂಚರು "ಏಳ್ರಪಾ" ಅಂದಾಗ ಆ ಮೂವರು ಎದ್ದದ್ದು, ಸುತ್ತು ಹಾಕು ಅಂದಾಗ ಹಾಕಿದ್ದು, ಎಲ್ಲ ಕಣ್ಣ ಮುಂದೆ ಬಂತು. ಒಂದೇ ಮಧ್ಯಾಹ್ನ ಎರಡು ಮನೆಯವರು ಊಟಕ್ಕೆ ಕರೆದರೆ ಎರಡೂ ಕಡೆ ಉಂಡು ಬಂದವನು ನಾನು. ಒಬ್ಬರಿಗೊಬ್ಬರು ಮಾತಾಡದ ಎರಡು ಭಜನಾ ಮಂಡಳಿಗಳಿಗೂ ನಾನೇ ಕಾರ್ಯದರ್ಶಿ. ಅವ್ವ "ತಂಗೀದು ಆಗಲಿ, ಆಮ್ಯಾಲ ನಿಂದು" ಅಂದಳು, ಆಗಲಿ ಅಂದೆ; ತಂಗಿಯದಾಯಿತು, ತಮ್ಮನದಾಯಿತು, ನನ್ನದು ಆಗಲೇ ಇಲ್ಲ. ಇದನ್ನೆಲ್ಲ ನಾನು ಸಪ್ಪಗಿರುವುದು ಅಂದುಕೊಂಡಿದ್ದೆ. ನನಗೆ ತುಂಬ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ನಲವತ್ತೊಂದು ವರ್ಷ ಕಾದ ಹೆಣ್ಣುಮಗಳು ನಾಳೆ ಹತ್ತು ಗಂಟೆಗೆ ತಲೆ ಎಡಕ್ಕೆ ವಾಲಿಸಿ "ಆಗಲಿ" ಅಂದುಬಿಡುತ್ತಾರೆ, ಆ ಆಗಲಿ ನನ್ನದು.

ನೇರ ರುದ್ರವ್ವನ ಹತ್ತಿರ ಹೋದೆ. ಅರವತ್ತು ದಾಟಿದ ಹೆಂಗಸು, ಎಲೆಯಡಿಕೆ ಹಾಕಿಕೊಂಡು ಗಲ್ಲೆಯ ಮೇಲೆ ಕೂತರೆ ಕೋಟೆಯ ಬುರುಜೂ ಒಂದು ಮಾತು ಆಡಲು ಹಿಂದೆ ಮುಂದೆ ನೋಡಬೇಕು. "ಅವ್ವಾರ, ಇವತ್ತ ನಾ ಏಳನೇ ಖೋಲಿಯೊಳಗ ಮಲಗಂಗಿಲ್ಲ" ಎನ್ನಬೇಕೆಂದು ದಾರಿಯುದ್ದಕ್ಕೂ ಉರು ಹೊಡೆದಿದ್ದೆ. "ಅವ್ವಾರ..." ಎಂದೆ. ಅವಳು ನನ್ನ ಮುಖ ನೋಡಿ, "ಮಲ್ಲಸರ್ಜ ಹೇಳಿದನೇನ? ಅವನ ಬಾಯಾಗ ಒಂದ ಕಾಳು ನಿಲ್ಲಂಗಿಲ್ಲ" ಎಂದಳು. "ನಿನಗ ಹೇಳಿದ್ರ ನೀ ಕೆಡತಿದ್ದಿ, ಅದಕ್ಕ ಹೇಳಿದ್ದಿಲ್ಲ. ಒಬ್ಬ ಒಳ್ಳೇ ಮನಷಾಗ ಒಂದ ಒಳ್ಳೇ ಹೆಣ್ಣು ಸಿಗತೈತಿ, ನಿನ್ನ ಗಂಟೇನ ಹೋಗತೈತಿ? ಹೋಗು, ಮಲಗು." ನಾನು, "ಆತ್ರಿ, ಅವ್ವಾರ" ಎಂದೆ. ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆ ಬಂತು.

ಸರಿ, ಮಲಗಿದಂತೆ ಮಾಡಿ ಎಚ್ಚರವಿದ್ದರಾಯಿತು ಎಂದುಕೊಂಡು ಖೋಲಿಗೆ ಹೋದೆ. ಹಾಸಿಗೆಯ ಮೇಲೆ ಕಣ್ಣು ಬಿಟ್ಟುಕೊಂಡು ಒರಗಿದೆ. ಇಪ್ಪತ್ತೇಳು ವರ್ಷದ ಕಸುಬು, ದಿಂಬಿಗೆ ತಲೆ ತಾಗಿದ್ದೇ ತಡ. ಎದ್ದಾಗ ಎರಡು ಗಂಟೆ. ಹಿಂದಿನ ಗಿರಾಕಿಗೆ ಕಂಡದ್ದನ್ನೆಲ್ಲ ಸಾಲಾಗಿ ಜೋಡಿಸುವ ಚಾಳಿ ಇತ್ತೆಂದು ತೋರುತ್ತದೆ. ನಾನು ಚಪ್ಪಲಿ, ತಂಬಿಗೆ, ಬಕೀಟು ಎಲ್ಲ ಒಂದು ಗೆರೆಗೆ ತಂದಿಟ್ಟು ಕೆಳಗೆ ಬಂದೆ. ಅಕ್ಕೋರು ಆಗಷ್ಟೇ ಅರಮನೆಯಿಂದ ಬಂದು ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಅವರನ್ನು ಹಿತ್ತಲ ಕಟ್ಟೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ, ಅಲ್ಲಿ ತೊಳೆದಿಟ್ಟಿದ್ದ ಬಟ್ಟಲು ಲೋಟಗಳನ್ನು ಸಾಲಾಗಿ ಇಡುತ್ತಲೇ ಹೇಳಿದೆ. ಅವರ ಮುಖ ಕೆಂಪಾಯಿತು. "ಅಂದ್ರೆ ಅವರು ಗೊತ್ತಿದ್ದೇ ನನ್ನ ಇಲ್ಲಿಗೆ ಕಳಿಸಿದ್ರಾ?" ಎಂದು ಬ್ಯಾಗು ತರಲು ಹೊರಟರು.

"ಹೋಗಬ್ಯಾಡ್ರಿ, ಅಕ್ಕೋರ. ಇದಕ್ಕ ದಾರಿ ಐತಿ" ಎಂದೆ. ಆ ದಾರಿ ಹೇಳಬಾರದೆಂದು ನನ್ನ ಅಜ್ಜ ನನ್ನಿಂದ ಆಣೆ ಮಾಡಿಸಿದ್ದ, ಅವನೂ ನಡುನಿದ್ದೆಯವನೇ. "ನೀವು ಈಗ ಹೋಗಿ ಒಮ್ಮೆ ಮಲಗೇಳ್ರಿ. ನನ್ನ ಚಾಳಿ ಹತ್ತತೈತಿ, ಹತ್ತಲಿ. ಎರಡು ತಾಸು ಮಲಗಿದ್ರ ಎರಡು ತಾಸಿಗೆ ಬಿಡತೈತಿ. ರಾತ್ರಿ ಮತ್ತ ಅಲ್ಲೇ ಮಲಗ್ರಿ. ಆವಾಗ ಆ ಜಾಗಾದಾಗ ಮೊದಲ ಮಲಗೆದ್ದವರು ಯಾರು? ನೀವ. ಬೆಳಿಗ್ಗೆ ನಿಮಗ ನಿಮ್ಮ ಚಾಳಿನ."

ಗಣಿತದ ಅಕ್ಕೋರಿಗೆ ಅರ್ಥವಾಗಲು ಕ್ಷಣವೂ ಹಿಡಿಯಲಿಲ್ಲ. "ಇಷ್ಟು ಸುಲಭಾನಾ? ಮತ್ತೆ ಇದನ್ನ ಗಿರಾಕಿಗಳಿಗೆ ಯಾರೂ ಯಾಕೆ ಹೇಳಲ್ಲ?"

"ಸುಲಭ ಅಂತ ಗೊತ್ತಾದ್ರ ನಮ್ಮ ಹೊಟ್ಟಿ ಹ್ಯಾಂಗ ತುಂಬಬೇಕ್ರಿ?" ಎಂದೆ. ಅವರು ಹೋಗಿ ಗಲ್ಲೆಯ ಹತ್ತಿರದ ಬ್ಯಾಗು ಎತ್ತಿಕೊಂಡರು. ಆಮೇಲೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡರು. ರಾತ್ರಿಯ ಬಸ್ಸಿನ ದಣಿವು, ಮೇಲೆ ಊಟದ ಭಾರ. ಎರಡೂವರೆಗೆ ಮಲಗಿದವರು ಎದ್ದದ್ದು ಐದಕ್ಕೆ. ಏಳೂವರೆಯವರೆಗೆ ಅವರು ನನ್ನ ವಶ ಎಂದು ಲೆಕ್ಕ ಹಾಕಿದೆ.

ಅವರ ಹಿಂದೆ ಹಿಂದೆಯೇ ತಿರುಗಿದೆ. ಕೆಳಗೆ ಇಳಿದದ್ದೇ ರುದ್ರವ್ವ, "ಚಾ ಕುಡೀರಿ" ಎಂದಳು. "ಆಗಲಿ." "ಇನ್ನೊಂದ ಕಪ್ಪ?" "ಆಗಲಿ." "ನಾಳೆ ಒಂದ ದಿನ ಹೆಚ್ಚಿಗಿ ಇದ್ದು ಹೋಗ್ರೆಲಾ." "ಆಗಲಿ." ದಾರಿಯಲ್ಲಿ ಹೋಗುತ್ತಿದ್ದ ಹುಸೇನಸಾಹೇಬರು ಈ ಸಂದರ್ಭ ನೋಡಿ ಒಳಗೆ ಬಂದು, "ತಾಯಿ, ಒಂದ ಹಾಡು ಹೇಳಲೇನು?" ಎಂದರು. "ಆಗಲಿ." ಅವರು ಮೂರು ಹೇಳಿದರು. ಅಕ್ಕೋರ ತಲೆ ಎಡಕ್ಕೆ ವಾಲಿದ್ದು ವಾಲಿದ ಹಾಗೇ ಇತ್ತು. ನನ್ನನ್ನೇ ಸೀರೆ ಉಡಿಸಿ ಕೂರಿಸಿದ ಹಾಗಿತ್ತು, ನೋಡಲಾಗಲಿಲ್ಲ. ಮೆಲ್ಲಗೆ, "ಅಕ್ಕೋರ, ಮ್ಯಾಲ ಹೋಗ್ರಿ" ಎಂದೆ. "ಆಗಲಿ" ಎಂದು ಎದ್ದು ಹೋದರು.

ಆರು ಗಂಟೆಗೆ ಮಲ್ಲಸರ್ಜ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಳೆಲೆಯಲ್ಲಿ ಮಲ್ಲಿಗೆ ಹಿಡಿದುಕೊಂಡು ಬಂದ. "ನಾಳೆತನಕ ತಡಕೊಳ್ಳೂದ ಆಗೂದಿಲ್ಲ, ವೈನಿ. ಮಧ್ಯಾಹ್ನ ಮಲಗೆದ್ದಾರಲ್ಲ, ಮಾತು ನಡೀತೈತಿ. ಈಗ ಕೇಳಿಬಿಡತೀನಿ" ಎಂದ. ರುದ್ರವ್ವ, "ಹೋಗು ಹೋಗು, ಮ್ಯಾಲದಾರ" ಎಂದಳು.

ನಾನು ಮೆಟ್ಟಿಲಿನ ಮೇಲೆ ನಿಂತಿದ್ದೆ. ಮಲ್ಲಸರ್ಜ, "ಸರಿಯಪಾ, ಅಡಿವೆಪ್ಪಾ" ಎಂದ. ನಾನು ಆಡಬೇಕಾದದ್ದು ಎರಡೇ ಅಕ್ಷರದ ಮಾತು, ಊರ ಕೂಸುಗಳೂ ಆಡುತ್ತವೆ. ನನ್ನ ತಲೆ ತಾನಾಗಿಯೇ ಎಡಕ್ಕೆ ಹೊರಟಿತ್ತು. ಕೈಯಿಂದ ಗದ್ದ ಹಿಡಿದು ಆ ತಲೆಯನ್ನು ನೆಟ್ಟಗೆ ಮಾಡಿಕೊಂಡೆ.

"ಇಲ್ಲ" ಎಂದೆ.

ರುದ್ರವ್ವ ಅಗಿಯುವುದನ್ನು ನಿಲ್ಲಿಸಿದಳು. "ಏನಂದಿ?" ಎಂದಳು.

"ಇಲ್ಲ ಅಂದೆ, ಅವ್ವಾರ. ಏಳೂವರಿತನಕ ಯಾರೂ ಮ್ಯಾಲ ಹೋಗಂಗಿಲ್ಲ." ಎರಡನೇ ಸಲ ಸ್ವಲ್ಪ ಸಲೀಸಾಗಿ ಬಂತು. ಅಷ್ಟರಲ್ಲಿ ಮೇಲಿನಿಂದ ಅಕ್ಕೋರ ದನಿ ಕೇಳಿತು. "ಯಾರು, ಮಲ್ಲಸರ್ಜ ಅವರಾ? ಬರ್ತೀನಿ ಅಂತಿದಾರಾ? ಆಗಲಿ, ಬರಲಿ!" "ಅಕ್ಕೋರ, ಬಾಗಲಾ ಹಾಕಿ ಚಿಲಕಾ ಹಾಕ್ಕೋರಿ!" ಎಂದು ಕೂಗಿದೆ. "ಆಗಲಿ" ಎಂದರು. ಚಿಲಕ ಬಿದ್ದ ಸದ್ದು ಕೇಳಿ ನನಗೆ ಹೋದ ಜೀವ ಬಂದಂತಾಯಿತು.

ಮಲ್ಲಸರ್ಜ ಸಿಟ್ಟಾಗಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಕೂತ, ಮಲ್ಲಿಗೆ ತೊಡೆಯ ಮೇಲಿತ್ತು. "ಎರಡ ಸಲ ಬ್ಯಾಡ ಅನಿಸಿಕೊಂಡೀನಿ, ಅಡಿವೆಪ್ಪಾ" ಎಂದ. "ಮೂರನೇ ಸಲ ಕೇಳಾಕ ನನಗ ಧೈರ್ಯ ಇಲ್ಲ. ಅದಕ್ಕ ಹಿಂಗ ಮಾಡಿದೆ." ಅವನ ಪಕ್ಕ ಬಂದು ಕೂತೆ. "ಅವರು ಈಗ ಹೂಂ ಅಂದ್ರ ಅದು ನಾ ಅಂದಂಗ. ನೀ ನನ್ನ ಕೂಡ ಸಂಸಾರ ಮಾಡತೀಯೇನ?" ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ತಡೆಯಲಾರದೆ ನಕ್ಕುಬಿಟ್ಟ. ಏಳೂವರೆಯಾದ ಮೇಲೆ ಮಲ್ಲಿಗೆಯನ್ನು ರುದ್ರವ್ವನ ಕೈಯಲ್ಲಿ ಕೊಟ್ಟು ಮನೆಗೆ ಹೋದ. ರುದ್ರವ್ವ ಅದನ್ನು ತಾನೇ ಮುಡಿದುಕೊಂಡಳು.

ಮರುದಿನ ಹತ್ತಕ್ಕೆ ಬಾವಿಕಟ್ಟೆಯ ಮೇಲೆ ಅರ್ಧ ಊರೇ ಸೇರಿತ್ತು. ಅಕ್ಕೋರು ತಲೆ ನೆಟ್ಟಗೆ ಇಟ್ಟುಕೊಂಡು ಬಂದರು. ಅದನ್ನು ನೋಡಿಯೇ ನನಗೆ ಸಮಾಧಾನವಾಯಿತು. ಮಲ್ಲಸರ್ಜ ಬಾಯಿ ತೆರೆಯುವ ಮೊದಲೇ ಅವರು ಕೇಳಿದರು. "ಆ ಲಾಡ್ಜಿನ ವಿಷಯ ಗೊತ್ತಿದ್ದೇ ನನ್ನ ಅಲ್ಲಿಗೆ ಕಳಿಸಿದ್ರಾ?" ಮಲ್ಲಸರ್ಜ ಅಷ್ಟು ಜನರ ಮುಂದೆ, "ಹೌದ್ರಿ, ಗೊತ್ತಿದ್ದ ಕಳಿಸಿದೆ. ತಪ್ಪಾತು" ಎಂದು ತಲೆ ತಗ್ಗಿಸಿದ. ಇದು ಅವನಿಗೆ ಮೂರನೆಯ 'ಬೇಡ' ಎಂದು ನಾನು ಮನಸ್ಸಿನಲ್ಲೇ ಎಣಿಸಿದೆ.

"ಹಾಗಿದ್ರೆ ನಾನು ಬಾಯಲ್ಲಿ ಏನು ಹೇಳಿದ್ರೂ ನಿಮ್ಮೂರವರು ಅದು ಅಡಿವೆಪ್ಪನವರ ಮಾತು ಅಂತಾರೆ" ಎಂದರು ಅಕ್ಕೋರು. "ನೀವೀಗ ಹೋಗಿ ಏಳನೇ ಖೋಲಿಯಲ್ಲಿ ಒಂದು ಗಂಟೆ ಮಲಗಿ. ಎದ್ದ ಮೇಲೆ ನಿಮಗೇ ಗೊತ್ತಾಗುತ್ತೆ."

ಅವನಿಗೆ ನಿದ್ದೆ ಎಲ್ಲಿಂದ ಬರಬೇಕು? ನಾನೇ ಪಕ್ಕದಲ್ಲಿ ಕೂತು ನಮ್ಮ ಕಸುಬಿನ ಉಪಾಯ ಹೇಳಿಕೊಟ್ಟೆ. ನಾಲಿಗೆ ಸಡಿಲ ಬಿಡಬೇಕು, ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಅಂಗ ಮರೆಯಬೇಕು. ಹೊಟ್ಟೆಯ ತನಕ ಬರುವಷ್ಟರಲ್ಲಿ ಗೊರಕೆ ಹೊಡೆದ. ಬಾಗಿಲು ಮುಂದೆ ಮಾಡಿ ಕೆಳಗೆ ಬಂದು ಬೀದಿಯಲ್ಲಿ ಎಲ್ಲರ ಜೊತೆ ನಿಂತೆ.

ಹನ್ನೊಂದೂವರೆಗೆ ಏಳನೇ ಖೋಲಿಯ ಕಿಟಕಿ ತೆರೆಯಿತು. ಮಲ್ಲಸರ್ಜ ಎರಡೂ ಮೊಣಕೈ ಕಟ್ಟೆಯ ಮೇಲಿಟ್ಟು, ಗದ್ದಕ್ಕೆ ಕೈ ಕೊಟ್ಟು, ಎದುರಿಗೆ ನೋಡುತ್ತ ನಿಂತ. ಎದುರಿಗೆ ಇರುವುದು ಅವನದೇ ಅಂಗಡಿ. ಅದೇ ಬಣ್ಣ ಹೋದ ಹಲಗೆ, ಅದೇ ಓರೆ ನಿಂತ ಬಾಗಿಲು. ಅದನ್ನು ಅವನು ಎಂದೂ ಕಾಣದವನಂತೆ ನೋಡುತ್ತಿದ್ದ, ನೋಡುತ್ತ ನೋಡುತ್ತ ನಗುತ್ತಿದ್ದ. ನಾವು ಕರೆದದ್ದು ಅವನಿಗೆ ಕೇಳಲಿಲ್ಲ. ಅಕ್ಕೋರ ಕಡೆ ತಿರುಗಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ನೆಲ ನೋಡುತ್ತಿದ್ದರು, ಕಿವಿಯ ತುದಿ ಕೆಂಪಾಗಿತ್ತು. ಬೆಳಿಗ್ಗೆ ಆರಕ್ಕೆ ಎದ್ದವರು ಹತ್ತರ ತನಕ ಅದೇ ಕಿಟಕಿಯಲ್ಲಿ ಹಾಗೇ ನಿಂತಿದ್ದರಂತೆ. ಅವನು ಅಂಗಡಿ ತೆರೆದದ್ದು, ಕಸ ಹೊಡೆದದ್ದು, ಊದಿನಕಡ್ಡಿ ಹಚ್ಚುವಾಗ ಬೆರಳು ಸುಟ್ಟುಕೊಂಡದ್ದು, ಎಲ್ಲ ನೋಡಿದ್ದರು.

"ವೈನೀ!" ಎಂದು ಮಲ್ಲಸರ್ಜ ಮೇಲಿನಿಂದ ಕೂಗಿದ. "ವೈನೀ, ಹೂಂ ಅಂದಾರ!" ಕೂಗುತ್ತಿರುವಾಗಲೂ ಅವನ ಕಣ್ಣು ಅಂಗಡಿಯ ಮೇಲೇ ಇತ್ತು. ರುದ್ರವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಬಾಯಿಲೆ ಒಂದ ಮಾತೂ ಆಡಿಲ್ಲ, ಎಂಥಾ ಹೂಂ ಇದು" ಎಂದು ಬೈದಳು.

ರುದ್ರವ್ವನಿಗೆ ಮಾತು ಕೊಟ್ಟಂತೆ ಅಕ್ಕೋರು ಆ ರಾತ್ರಿಯೂ ಏಳನೇ ಖೋಲಿಯಲ್ಲೇ ಇದ್ದು ಮರುದಿನ ಹತ್ತರ ಬಸ್ಸಿಗೆ ಊರಿಗೆ ಹೋದರು. ಆಷಾಢ ಕಳೆದ ಮೇಲೆ ಲಗ್ನ. ಬಸ್ಸು ಹೋದದ್ದೇ ರುದ್ರವ್ವ ನನಗೆ, "ಏಳನೇ ಖೋಲಿ ಖಾಲಿ ಆತು, ಹೋಗಿ ಅರ್ಧ ತಾಸು ಮಲಗಿ ಬಾ, ಸಂಜಿಗೆ ಗಿರಾಕಿ ಬರತಾರ" ಎಂದಳು. ಎರಡು ಮೆಟ್ಟಿಲು ಹತ್ತಿದವನು ಇಳಿದು ಬಂದೆ. ನಲವತ್ತೆಂಟು ವರ್ಷದಲ್ಲಿ ಇನ್ನೊಬ್ಬರ ಉಗುರು ಕಚ್ಚಿದ್ದೇನೆ, ಇನ್ನೊಬ್ಬರ ಕೆಮ್ಮು ಕೆಮ್ಮಿದ್ದೇನೆ, ಇನ್ನೊಬ್ಬರ ಸಿಟ್ಟು ಮಾಡಿದ್ದೇನೆ. ಆ ಕಿಟಕಿಯಲ್ಲಿ ನಿಂತ ಮಲ್ಲಸರ್ಜನ ಮುಖದಲ್ಲಿದ್ದದ್ದು ನನಗೆ ಎಂದೂ ಹತ್ತಿರಲಿಲ್ಲ. ಅದನ್ನು ಅರ್ಧ ತಾಸಿಗೆ ಮುಗಿಸಲು ಮನಸ್ಸು ಬರಲಿಲ್ಲ.

"ಇಲ್ರಿ, ಅವ್ವಾರ. ಆ ಖೋಲಿ ಇವತ್ತ ಯಾರಿಗೂ ಕೊಡಬ್ಯಾಡ್ರಿ. ನನ್ನ ಹೆಸರು ಬರಕೋರಿ. ರಾತ್ರಿ ಪೂರ್ತಿ ನನಗ ಬೇಕು" ಎಂದೆ. ರುದ್ರವ್ವ ಗಿರಾಕಿಗಳ ಪುಸ್ತಕ ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟಳು. ಇಪ್ಪತ್ತೇಳು ವರ್ಷ ಆ ಲಾಡ್ಜಿನಲ್ಲಿ ಮಲಗಿದವನು ಅಂದು ಮೊದಲ ಸಲ ಅದರಲ್ಲಿ ನನ್ನ ಹೆಸರು ಬರೆದೆ.

ಒಂಬತ್ತಕ್ಕೆ ಮಲಗಿ ಐದಕ್ಕೆ ಎದ್ದೆ. ಕಾಲು ತಾವಾಗಿಯೇ ನನ್ನನ್ನು ಕಿಟಕಿಗೆ ಒಯ್ದವು. ಬೆಳಕು ಹರಿಯುವುದನ್ನು ಕಾದೆ. ಮಲ್ಲಸರ್ಜ ಬಂದು ಬಾಗಿಲು ತೆಗೆದ. ಅದೇ ಬೊಜ್ಜು, ಅದೇ ಬೋಳಾಗುತ್ತಿರುವ ನೆತ್ತಿ, ದಿನಾ ನೋಡುವ ಮನುಷ್ಯ. ಅವನು ಪೊರಕೆ ಹಿಡಿದು ಬಗ್ಗಿದ್ದಕ್ಕೆ ನನ್ನ ಎದೆ ತುಂಬಿ ಬಂತು. ಒಬ್ಬ ಮನುಷ್ಯ ಕಸ ಹೊಡೆಯುವುದನ್ನು ನೋಡಿ ಇನ್ನೊಬ್ಬರಿಗೆ ಇಷ್ಟು ಸುಖವಾಗುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಹೊತ್ತು ಏರಿತು. ಕೆಳಗಿನಿಂದ ರುದ್ರವ್ವ ಕೂಗಿದಳು. "ಅಡಿವೆಪ್ಪಾ, ಒಂಬತ್ತಾತು! ಎರಡನೇ ಖೋಲಿ ಖಾಲಿ ಆಗೇತಿ, ಇಳದು ಬಾ!"

"ಇಲ್ರಿ, ಅವ್ವಾರ," ಎಂದೆ, "ನಂದಿನ್ನೂ ನಾಕ ತಾಸು ಐತಿ."